ಚಾಲಕನಿಲ್ಲದ ಕಾರಿಗೆ ದಂಡದ ಚೀಟಿ ಯಾರ ಹೆಸರಿಗೆ?

2025ರ ಸೆಪ್ಟೆಂಬರ್‌ನ ಒಂದು ರಾತ್ರಿ. ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೊದಲ್ಲಿ ಕುಡಿದು ಗಾಡಿ ಓಡಿಸುವವರನ್ನು ಹಿಡಿಯಲು ಪೊಲೀಸರು ರಸ್ತೆಗಿಳಿದಿದ್ದರು. ಅವರ ಕಣ್ಣೆದುರೇ ಒಂದು ಕಾರು ನಿಯಮ ಮುರಿದು ಯೂ-ಟರ್ನ್ ಹೊಡೆಯಿತು. ತಡೆದು ಇಣುಕಿದರೆ ಸ್ಟೀರಿಂಗ್ ಹಿಂದೆ ಯಾರೂ ಇಲ್ಲ! ಅದು ಗೂಗಲ್‌ನ ಸೋದರ ಸಂಸ್ಥೆ ವೇಮೊದ ಟ್ಯಾಕ್ಸಿ. ದಂಡದ ಚೀಟಿ ಹರಿಯಲು ಡ್ರೈವರ್ ಬೇಕಲ್ಲ? ಪೊಲೀಸರು ಕಂಪನಿಗೆ ವಿಷಯ ಮುಟ್ಟಿಸಿ ಕಾರನ್ನು ಬಿಟ್ಟರು. ಇಂಥ ಕಾರು ತಪ್ಪು ಮಾಡಿದರೆ ನೇರವಾಗಿ ಕಂಪನಿಗೇ ನೋಟಿಸ್ ಕೊಡುವ ಕಾಯ್ದೆ ಅಷ್ಟರಲ್ಲಾಗಲೇ ಅಂಗೀಕಾರವಾಗಿತ್ತು. ಆದರೆ ಅದು ಜಾರಿಗೆ ಬರಬೇಕಿದ್ದದ್ದು 2026ರ ಜುಲೈನಲ್ಲಿ.

ತಪ್ಪಾದಾಗ ಉತ್ತರ ಹೇಳುವವರು ಯಾರು ಎಂಬ ಈ ಪ್ರಶ್ನೆಯನ್ನು ಅಂಕಿಅಂಶಗಳು ಬಗೆಹರಿಸುವುದಿಲ್ಲ. ಅಂಕಿಗಳೇನೋ ವೇಮೊ ಪರವಾಗಿಯೇ ಇವೆ. 2025ರ ಜನವರಿವರೆಗೆ ಅದರ ಕಾರುಗಳು ಚಾಲಕರಿಲ್ಲದೆ ಓಡಿದ್ದು 5.67 ಕೋಟಿ ಮೈಲಿ, ಅಂದರೆ ಸುಮಾರು 9 ಕೋಟಿ ಕಿಲೋಮೀಟರ್. ಅದೇ ಊರುಗಳ ಮಾನವ ಚಾಲಕರಿಗೆ ಹೋಲಿಸಿದರೆ ಪಾದಚಾರಿಗಳು ಗಾಯಗೊಂಡ ಅಪಘಾತಗಳು ಶೇ 92ರಷ್ಟು ಕಡಿಮೆ. ಲೆಕ್ಕ ಹಾಕಿದವರು ಕಂಪನಿಯದೇ ಸಂಶೋಧಕರು ಎಂಬುದು ನಿಜ, ಆದರೂ ವ್ಯತ್ಯಾಸ ಸಣ್ಣದಲ್ಲ.

ಸಾವಿನ ಲೆಕ್ಕ ಮಾತ್ರ ಬೇರೆ. ಅಮೆರಿಕದ ರಸ್ತೆಗಳಲ್ಲಿ ಸರಿಸುಮಾರು ಪ್ರತಿ 10 ಕೋಟಿ ಮೈಲಿಗೆ ಒಂದು ಸಾವು ಸಂಭವಿಸುತ್ತದೆ. ಯಂತ್ರ ಮನುಷ್ಯನಿಗಿಂತ ಕಡೆಯಲ್ಲ ಎಂದು ಖಚಿತವಾಗಿ ಹೇಳಬೇಕಾದರೆ ಒಂದೂ ಸಾವಿಲ್ಲದೆ 27.5 ಕೋಟಿ ಮೈಲಿ ಓಡಿರಬೇಕು ಎಂದು ರ‍್ಯಾಂಡ್ ಸಂಶೋಧನಾ ಸಂಸ್ಥೆ 2016ರಲ್ಲೇ ಲೆಕ್ಕ ಕೊಟ್ಟಿತ್ತು. ಜನರಂತೂ ಅಷ್ಟು ದಿನ ಕಾದು ನೋಡಿ ಅಭಿಪ್ರಾಯ ಕಟ್ಟಿಕೊಳ್ಳುವುದಿಲ್ಲ. ಅಮೆರಿಕದ ವಾಹನ ಸವಾರರ ಸಂಘ ಎಎಎ 2025ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಇಂಥ ಕಾರನ್ನು ನಂಬಿ ಕೂರುತ್ತೇವೆ ಎಂದವರು ಶೇ 13 ಮಾತ್ರ.

ಈ ಅಪನಂಬಿಕೆಗೆ ಕಾರಣಗಳಿವೆ. 2018ರ ಮಾರ್ಚ್‌ನಲ್ಲಿ ಅರಿಝೋನಾದ ಟೆಂಪಿಯಲ್ಲಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಉಬರ್‌ನ ಪರೀಕ್ಷಾ ಕಾರು ಗುದ್ದಿ ಅವರು ಮೃತಪಟ್ಟರು. ಗುದ್ದುವ 5.6 ಸೆಕೆಂಡ್ ಮೊದಲೇ ಸೆನ್ಸರ್‌ಗಳು ಅವರನ್ನು ಗುರುತಿಸಿದ್ದವು. ಆದರೆ ಇದು ವಾಹನವೇ, ಸೈಕಲ್ಲೇ, ಮತ್ತೇನೋ ಎಂದು ಸಾಫ್ಟ್‌ವೇರ್ ಹೊಯ್ದಾಡುತ್ತಲೇ ಇತ್ತು. ಜೀಬ್ರಾ ಪಟ್ಟಿ ಬಿಟ್ಟು ಬೇರೆ ಕಡೆಯೂ ಜನ ರಸ್ತೆ ದಾಟುತ್ತಾರೆ ಎಂಬುದನ್ನೇ ಅದಕ್ಕೆ ಕಲಿಸಿರಲಿಲ್ಲ. ನಿಗಾ ಇಡಬೇಕಿದ್ದ ಚಾಲಕಿ ಮೊಬೈಲ್‌ನಲ್ಲಿ ಮುಳುಗಿದ್ದರು.

ಹೆಚ್ಚು ಪಾಠ ಹೇಳುವುದು ಜನರಲ್ ಮೋಟರ್ಸ್ ಒಡೆತನದ ಕ್ರೂಸ್ ಕಂಪನಿಯ ಕಥೆ. 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮನುಷ್ಯನೊಬ್ಬ ಓಡಿಸುತ್ತಿದ್ದ ಕಾರು ಪಾದಚಾರಿ ಮಹಿಳೆಗೆ ಬಡಿದು ಪರಾರಿಯಾಯಿತು. ಅವರು ಬಂದು ಬಿದ್ದದ್ದು ಕ್ರೂಸ್ ಟ್ಯಾಕ್ಸಿಯ ಮುಂದೆ. ಟ್ಯಾಕ್ಸಿ ಬ್ರೇಕ್ ಹಾಕಿದರೂ ಅವರಿಗೆ ಬಡಿಯಿತು. ಬಳಿಕ, ಅಪಘಾತವಾದರೆ ರಸ್ತೆಬದಿಗೆ ಸರಿಯಬೇಕೆಂಬ ತನ್ನ ಲೆಕ್ಕಾಚಾರದಂತೆ ಅಡಿಯಲ್ಲಿ ಸಿಲುಕಿದ್ದವರನ್ನು ಸುಮಾರು 20 ಅಡಿ ಎಳೆದೊಯ್ದಿತು. ಗಂಭೀರವಾಗಿ ಗಾಯಗೊಂಡರೂ ಅವರು ಬದುಕುಳಿದರು.

ಮೊದಲ ತಪ್ಪು ಮನುಷ್ಯನದೇ. ಆದರೂ ಮುಳುಗಿದ್ದು ಕ್ರೂಸ್. ಎಳೆದೊಯ್ದ ದೃಶ್ಯವನ್ನು ಮೊದಲಿಗೆ ತಮಗೆ ತೋರಿಸಲೇ ಇಲ್ಲ ಎಂದು ರಾಜ್ಯದ ಮೋಟಾರು ವಾಹನ ಇಲಾಖೆ ದೂರಿತು, ಮೂರು ವಾರಗಳಲ್ಲಿ ಪರವಾನಗಿ ಅಮಾನತಾಯಿತು. ಮುಖ್ಯಸ್ಥ ಕೈಲ್ ವೋಗ್ಟ್ ರಾಜೀನಾಮೆ ಕೊಟ್ಟರು. ತನಿಖೆಗೆ ಸುಳ್ಳು ವರದಿ ಸಲ್ಲಿಸಿದ್ದನ್ನು ಕಂಪನಿ 2024ರಲ್ಲಿ ಒಪ್ಪಿಕೊಂಡಿತು. ಅದೇ ಡಿಸೆಂಬರ್‌ನಲ್ಲಿ ಜನರಲ್ ಮೋಟರ್ಸ್ ರೋಬೋ ಟ್ಯಾಕ್ಸಿಯ ಸಹವಾಸವೇ ಬೇಡವೆಂದು ಕೈಬಿಟ್ಟಿತು. ಅಪಘಾತವನ್ನು ಜನ ಹೇಗೋ ಕ್ಷಮಿಸುತ್ತಿದ್ದರೇನೋ, ಮುಚ್ಚಿಟ್ಟದ್ದನ್ನು ಕ್ಷಮಿಸಲಿಲ್ಲ.

ಲೆಕ್ಕಕ್ಕೆ ಸಿಗದ ಉಪದ್ರವಗಳೂ ಇವೆ. 2025ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕರೆಂಟ್ ಹೋಗಿ ಸಿಗ್ನಲ್‌ಗಳು ಆರಿದಾಗ ವೇಮೊ ಕಾರುಗಳು ಚೌಕಗಳಲ್ಲಿ ನಿಂತುಬಿಟ್ಟವು. ಮುಂದೆ ಹೋಗಲೇ ಎಂದು ಕಂಪನಿಯ ಸಿಬ್ಬಂದಿಯನ್ನು ಕೇಳಿ ಕಾಯುವ ಕಾರುಗಳ ಸಾಲು ಬೆಳೆಯುತ್ತಾ ಹೋಯಿತು. ನಿಂತ ಕಾರು ಯಾರಿಗೂ ಗುದ್ದುವುದಿಲ್ಲ, ಹಾಗಾಗಿ ಅಪಘಾತದ ಪಟ್ಟಿಗೂ ಸೇರುವುದಿಲ್ಲ. ಅದರ ಹಿಂದೆ ಸಿಕ್ಕಿಬಿದ್ದವರಿಗೆ ಮಾತ್ರ ಅದರ ಬಿಸಿ ಗೊತ್ತು. ಇಂಥ ಕಾರುಗಳು ಕೆಲಸಕ್ಕೆ ಅಡ್ಡ ಬರುತ್ತಿವೆ ಎಂದು ನಗರದ ಅಗ್ನಿಶಾಮಕ ಮುಖ್ಯಸ್ಥೆ 2023ರಲ್ಲೇ ಬಹಿರಂಗವಾಗಿ ದೂರಿದ್ದರು.

ಭಾರತದಲ್ಲಿ ತಕರಾರು ಬೇರೆಯದೇ. 2022ರಲ್ಲಿ ಇಲ್ಲಿನ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ ಮಂದಿ. ಸುರಕ್ಷತೆಯೊಂದೇ ಮಾನದಂಡವಾಗಿದ್ದರೆ ಈ ತಂತ್ರಜ್ಞಾನಕ್ಕೆ ಇಲ್ಲಿ ಕೆಂಪು ಹಾಸು ಸಿಗಬೇಕಿತ್ತು. ಆದರೆ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಒಮ್ಮೆಯಲ್ಲ, ಹಲವು ಬಾರಿ ಇದನ್ನು ಬೇಡವೆಂದಿದ್ದಾರೆ. ಚಾಲಕರ ಹೊಟ್ಟೆಪಾಡಿಗೆ ಕುತ್ತು ಬರುತ್ತದೆ ಎಂಬುದು ಅವರು ಕೊಡುವ ಕಾರಣ.