ಆಟದಲ್ಲಿ ಮರ್ಮಾಂಗಕ್ಕೆ ಪೆಟ್ಟು ಬಿತ್ತಾ? ನಾಚಿಕೆ ಬಿಡಿ, ಗಡಿಯಾರ ನೋಡಿ

ಜಯನಗರ: ಭಾನುವಾರ ಬೆಳಗ್ಗೆ ಜಯನಗರ, ಬನಶಂಕರಿ, ಜೆ.ಪಿ. ನಗರದ ಯಾವ ಮೈದಾನಕ್ಕೆ ಹೋದರೂ ಒಂದೇ ಜಾಗದಲ್ಲಿ ನಾಲ್ಕೈದು ಮ್ಯಾಚ್ ನಡೀತಿರುತ್ತೆ. ಒಂದು ಟೀಮಿನ ಬಾಲ್ ಇನ್ನೊಂದು ಟೀಮಿನವರ ಮೈಮೇಲೆ ಬರೋದು ಮಾಮೂಲು. ಕೈಗೋ ಕಾಲಿಗೋ ಪೆಟ್ಟು ಬಿದ್ದರೆ ಹುಡುಗರು ಮನೆಗೆ ಬಂದು ತೋರಿಸ್ತಾರೆ. ತೊಡೆಸಂದಿಗೆ ಬಿದ್ದರೆ ಮಾತ್ರ ಕಥೆ ಬೇರೆ. ಗೆಳೆಯರು ನಗ್ತಾರೆ. ಹುಡುಗ ಎರಡು ನಿಮಿಷ ಕೂತು, ಎದ್ದು ಮತ್ತೆ ಆಡ್ತಾನೆ. ಮನೆಯಲ್ಲಿ ಬಾಯಿ ಬಿಡಲ್ಲ. ರಾತ್ರಿ ನೋವು ಜಾಸ್ತಿಯಾದರೆ 'ಹೊಟ್ಟೆ ನೋವು' ಅಂತ ಹೇಳಿ ಮಲಗ್ತಾನೆ.

ಹೀಗೆ ಮುಚ್ಚಿಡೋದೇ ದೊಡ್ಡ ಅಪಾಯ. ಈ ಜಾಗದ ಕೆಲವು ಗಾಯಗಳಿಗೆ ದಿನಗಳ ಲೆಕ್ಕ ಇಲ್ಲ, ಗಂಟೆಗಳ ಲೆಕ್ಕ.

6 ಗಂಟೆ ಲೆಕ್ಕ ಏನು?

ವೃಷಣಕ್ಕೆ ರಕ್ತ ಹೋಗೋದು ಒಂದು ತೆಳ್ಳನೆಯ ಹುರಿಯಂಥ ನಾಳದ ಮೂಲಕ. ಕೆಲವು ಸಲ ಈ ಹುರಿ ತಿರುಚಿಕೊಳ್ಳುತ್ತೆ. ಡಾಕ್ಟರುಗಳು ಇದಕ್ಕೆ 'ಟಾರ್ಷನ್' ಅಂತಾರೆ. ಪೆಟ್ಟು ಬಿದ್ದಾಗ ಆಗಬಹುದು, ಏನೂ ಪೆಟ್ಟಿಲ್ಲದೆ ನಿದ್ದೆಯಲ್ಲೂ ಆಗಬಹುದು. 12ರಿಂದ 18 ವಯಸ್ಸಿನ ಹುಡುಗರಲ್ಲಿ ಇದು ಹೆಚ್ಚು. ತಿರುಚಿದ ಕ್ಷಣದಿಂದ ರಕ್ತ ನಿಲ್ಲುತ್ತೆ. ಸುಮಾರು 6 ಗಂಟೆಯೊಳಗೆ ಆಪರೇಷನ್ ಮಾಡಿ ಬಿಡಿಸಿದರೆ ವೃಷಣ ಸಾಮಾನ್ಯವಾಗಿ ಉಳಿಯುತ್ತೆ. 12 ಗಂಟೆ ಆದರೆ ಅವಕಾಶ ತುಂಬಾ ಕಮ್ಮಿ. 24 ಗಂಟೆ ದಾಟಿದರೆ ಉಳಿಯೋದು ಅಪರೂಪ. ಹಾಗಂತ ತಡ ಆಯ್ತು ಅಂತ ಸುಮ್ಮನಿರಬಾರದು, ಆಗಲೂ ಹೋಗಲೇಬೇಕು.

ಇನ್ನೊಂದು, ಜೋರು ಪೆಟ್ಟಿಗೆ ವೃಷಣದ ಹೊರಪದರವೇ ಹರಿಯೋದು. ಲೆದರ್ ಬಾಲಿನ ತೂಕ ಸುಮಾರು 160 ಗ್ರಾಂ. ವೇಗವಾಗಿ ಬಂದರೆ ಇಂಥ ಗಾಯ ಮಾಡೋ ಶಕ್ತಿ ಅದಕ್ಕಿದೆ. ಇದಕ್ಕೂ ಬೇಗ ಸರ್ಜರಿ ಆದಷ್ಟೂ ಒಳ್ಳೆಯದು.

ಯಾವಾಗ ಓಡಬೇಕು?

ಸಣ್ಣ ಪೆಟ್ಟಿನ ನೋವು ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಇಳಿಯುತ್ತೆ. ಕೆಳಗಿನ ಯಾವುದೇ ಒಂದು ಕಂಡರೂ ಕಾಯಬೇಡಿ:

- ಒಂದು ಗಂಟೆ ಆದರೂ ನೋವು ಕಮ್ಮಿ ಆಗದಿದ್ದರೆ, ಅಥವಾ ಕಮ್ಮಿಯಾಗಿ ಮತ್ತೆ ಬಂದರೆ
- ಊತ, ನೀಲಿಗಟ್ಟಿದ ಬಣ್ಣ
- ಒಂದು ವೃಷಣ ಮೇಲಕ್ಕೆ ಎಳೆದುಕೊಂಡಂತೆ ಕಂಡರೆ
- ವಾಂತಿ, ಹೊಟ್ಟೆ ತೊಳೆಸುವುದು
- ಮೂತ್ರದಲ್ಲಿ ರಕ್ತ, ಅಥವಾ ಮೂತ್ರ ಬಾರದಿದ್ದರೆ

ಅಲ್ಲಿವರೆಗೆ ಮಲಗಿಸಿ, ಐಸನ್ನು ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಇಡಿ. ನೇರವಾಗಿ ಚರ್ಮಕ್ಕೆ ಬೇಡ. ಎಣ್ಣೆ ಹಚ್ಚಿ ನೀವುವುದು, ಬಿಸಿ ಶಾಖ ಕೊಡುವುದು, ಬಾಮ್ ಹಚ್ಚುವುದು ಯಾವುದೂ ಬೇಡ. ಆಸ್ಪತ್ರೆಗೆ ಹೊರಟಿದ್ದರೆ ಊಟ, ಕಾಫಿ ಕೊಡಬೇಡಿ, ಆಪರೇಷನ್ ಬೇಕಾಗಬಹುದು.

ಎಲ್ಲಿಗೆ ಹೋಗಬೇಕು?

ಈ ಭಾಗದವರಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಜಯನಗರ ಜನರಲ್ ಆಸ್ಪತ್ರೆ. ಮಕ್ಕಳಿಗಾದರೆ ನಿಮ್ಹಾನ್ಸ್ ಹತ್ತಿರದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಮೂತ್ರಾಂಗದ ತೊಂದರೆಗೆಂದೇ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ನೆಫ್ರೋ-ಯುರಾಲಜಿ ಸಂಸ್ಥೆ ಇದೆ. ಖಾಸಗಿಗೆ ಹೋಗೋದಾದರೆ ಮೊದಲು ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಸರ್ಜನ್ ಈಗ ಇದ್ದಾರಾ? ಡಾಪ್ಲರ್ ಸ್ಕ್ಯಾನ್ ಈಗ ಆಗುತ್ತಾ? ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಕೌಂಟರಿನಲ್ಲಿ 'ಹೊಟ್ಟೆ ನೋವು' ಅನ್ನಬೇಡಿ. 'ವೃಷಣಕ್ಕೆ ಪೆಟ್ಟು ಬಿದ್ದಿದೆ, ಇಷ್ಟು ಗಂಟೆಗೆ ಬಿತ್ತು' ಅಂತ ನೇರವಾಗಿ ಹೇಳಿ. ಎಲ್ಲರ ಮುಂದೆ ಹೇಳಲು ಮುಜುಗರವಾದರೆ ಚೀಟಿಯಲ್ಲಿ ಬರೆದು ಕೊಡಿ. ಪೊಲೀಸ್ ಕೇಸ್ ಆಗುತ್ತೇನೋ ಅಂತ ಹೆದರಿ ಸುಳ್ಳು ಹೇಳುವವರೂ ಇದ್ದಾರೆ. ಅದರ ಅಗತ್ಯ ಇಲ್ಲ. ಮೊದಲು ಚಿಕಿತ್ಸೆ, ಕಾನೂನಿನ ಕೆಲಸ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಅಪ್ಪ ಅಮ್ಮನ ಮೊದಲ ಮಾತು

18 ತುಂಬದವರಿಗೆ ಆಪರೇಷನ್ ಅಂದರೆ ಸಾಮಾನ್ಯವಾಗಿ ಪಾಲಕರ ಸಹಿ ಬೇಕು. ಹಾಗಾಗಿ ಹುಡುಗ ಗೆಳೆಯರ ಜೊತೆ ಗುಟ್ಟಾಗಿ ಆಸ್ಪತ್ರೆಗೆ ಹೋದರೂ ಕೊನೆಗೆ ಮನೆಗೆ ಫೋನ್ ಬಂದೇ ಬರುತ್ತೆ. ಮೊದಲೇ ಹೇಳಿದರೆ ಆ ಹೊತ್ತು ಉಳಿಯುತ್ತೆ.

ಹೇಳಬೇಕಾದರೆ ಮನೆಯಲ್ಲಿ ಆ ಧೈರ್ಯ ಇರಬೇಕು. 'ಓದೋದು ಬಿಟ್ಟು ಆಡೋಕೆ ಯಾಕೆ ಹೋದೆ' ಅನ್ನೋ ಒಂದು ಮಾತಿಗೆ ಮಗ ಬಾಯಿ ಮುಚ್ಕೊಳ್ತಾನೆ. 'ಎಷ್ಟು ಹೊತ್ತಾಯ್ತು? ನಡಿ ಹೋಗೋಣ' ಅಂದರೆ ಸಾಕು. ಬೈಯೋದಿದ್ದರೆ ಆಮೇಲೂ ಬೈಬಹುದು. ಅಮ್ಮನ ಹತ್ತಿರ ಹೇಳಲಾಗದಿದ್ದರೆ ಅಪ್ಪ, ಮಾವ, ಚಿಕ್ಕಪ್ಪ, ಅಣ್ಣ, ಪಿ.ಟಿ. ಮಾಸ್ಟರ್ ಯಾರಾದರೂ ಸರಿ. ಡಾಕ್ಟರ್ ನೋಡುವಾಗ ಜೊತೆಗೆ ಯಾರಿರಬೇಕು ಅಂತ ಮಗನನ್ನೇ ಕೇಳಿ.

ಮುಂದೆ ಮಕ್ಕಳಾಗಲ್ಲ ಅನ್ನೋ ಭಯ ಮನೆಯವರಿಗೂ ಇರುತ್ತೆ. ಒಂದು ವೃಷಣ ತೆಗೆಯಬೇಕಾಗಿ ಬಂದರೂ ಇನ್ನೊಂದು ಚೆನ್ನಾಗಿದ್ದರೆ ಸಾಮಾನ್ಯವಾಗಿ ಮಕ್ಕಳಾಗೋಕೆ ತೊಂದರೆ ಇಲ್ಲ.

ಹೆಣ್ಣುಮಕ್ಕಳಿಗೂ ಆಗುತ್ತೆ

ಸೈಕಲ್ ಬಾರ್ ಮೇಲೆ ಬೀಳುವುದು, ಜಿಮ್ನಾಸ್ಟಿಕ್ಸ್, ಸ್ಕೇಟಿಂಗ್‌ನಲ್ಲಿ ಜಾರುವುದರಿಂದ ಹುಡುಗಿಯರಿಗೂ ಇಂಥ ಗಾಯ ಆಗುತ್ತೆ. ರಕ್ತ ನಿಲ್ಲದಿದ್ದರೆ, ಊತ ಹೆಚ್ಚುತ್ತಿದ್ದರೆ, ಮೂತ್ರ ಮಾಡಲಾಗದಿದ್ದರೆ ತಕ್ಷಣ ಆಸ್ಪತ್ರೆಗೆ. ಲೇಡಿ ಡಾಕ್ಟರ್ ಬೇಕು ಅಂತ ಕೇಳಬಹುದು, ಅಮ್ಮ ಒಳಗೇ ಇರಬಹುದು. ಲೇಡಿ ಡಾಕ್ಟರ್ ಸಿಗಲಿಲ್ಲ ಅಂತ ರಾತ್ರಿಯೆಲ್ಲಾ ಕಾಯಬೇಡಿ. ಮಹಿಳಾ ನರ್ಸ್ ಜೊತೆಗಿದ್ದು ತೋರಿಸಬಹುದು.

ಅಂಗಡಿಯವರ ಗಮನಕ್ಕೆ

ಅಪ್ಪ ಅಮ್ಮನಿಗಿಂತ ಮೊದಲು ಹುಡುಗರು ಬರೋದು ಎಷ್ಟೋ ಸಲ ಮೆಡಿಕಲ್ ಶಾಪಿಗೆ. ಮೆಲ್ಲಗೆ ಪೇನ್‌ಕಿಲ್ಲರ್ ಕೇಳೋ ಹುಡುಗನಿಗೆ 'ಎಲ್ಲಿ ಪೆಟ್ಟು? ಎಷ್ಟು ಹೊತ್ತಾಯ್ತು?' ಅಂತ ಒಂದು ಮಾತು ಕೇಳಿ. ಮಾತ್ರೆ ನೋವು ಮುಚ್ಚುತ್ತೆ, ತಿರುಚಿದ ಹುರಿ ಬಿಡಿಸಲ್ಲ.

ಸ್ಪೋರ್ಟ್ಸ್ ಅಂಗಡಿಯವರು ಬ್ಯಾಟ್, ಪ್ಯಾಡ್ ಜೊತೆಗೆ ಗಾರ್ಡನ್ನೂ ಎದುರಿಗೇ ಇಡಿ. ಕೇಳೋಕೆ ಹುಡುಗರು ನಾಚಿಕೊಳ್ತಾರೆ. 1974ರ ಪರ್ತ್ ಟೆಸ್ಟ್‌ನಲ್ಲಿ ಜೆಫ್ ಥಾಮ್ಸನ್ ಎಸೆತಕ್ಕೆ ಇಂಗ್ಲೆಂಡಿನ ಡೇವಿಡ್ ಲಾಯ್ಡ್ ಹಾಕಿದ್ದ ಗಾರ್ಡೇ ಮುರಿದುಹೋಗಿತ್ತು. ಲಾಯ್ಡ್ ಆ ಕಥೆಯನ್ನು ಮುಂದೆ ಎಷ್ಟೋ ವೇದಿಕೆಯಲ್ಲಿ ನಗುತ್ತಾ ಹೇಳಿಕೊಂಡರು. ಅಳತೆಗೆ ಸರಿಯಾದ, ಬಿರುಕಿಲ್ಲದ ಗಾರ್ಡ್ ಹಾಕಿ. ಹಾಕಿದ್ದರೂ ನೋವು ಇಳಿಯದಿದ್ದರೆ ಮನೆಯಲ್ಲಿ ಹೇಳಿ, ಅದೇ ಗಂಟೆಯಲ್ಲಿ.