ಮಾಯೆ ಕಟ್ಟುವವರ ನಡುವೆ

ಫೆಬ್ರವರಿಯ ಬ್ಲ್ಯಾಕ್‌ಪೂಲ್ ಎಂದರೆ ಮೂಳೆ ಕೊರೆಯುವ ಚಳಿ, ಐರಿಷ್ ಸಮುದ್ರದಿಂದ ನುಗ್ಗಿ ಬರುವ ಗಾಳಿ, ಬಾಗಿಲು ಎಳೆದುಕೊಂಡ ಐಸ್‌ಕ್ರೀಮ್ ಅಂಗಡಿಗಳು. ಇಂಗ್ಲೆಂಡಿನವರು ಬೇಸಿಗೆಯಲ್ಲಿ ಮಕ್ಕಳುಮರಿಗಳೊಂದಿಗೆ ಬರುವ ಊರು ಅದು. ಆ ಚಳಿಯಲ್ಲೇ, ಒಂದು ವಾರಾಂತ್ಯಕ್ಕೆ, ದೇಶದೇಶಗಳಿಂದ ಸಾವಿರಾರು ಜಾದೂಗಾರರು ಅಲ್ಲಿ ಬಂದಿಳಿಯುತ್ತಾರೆ! ಕಾಫಿಗೆ ಸಾಲು ನಿಂತವರ ಕೈಯಲ್ಲಿ ಇಸ್ಪೀಟು, ಲಿಫ್ಟಿನಲ್ಲಿ ಪಕ್ಕದವರ ಬೆರಳ ಗೆಣ್ಣುಗಳ ಮೇಲೆ ಉರುಳುವ ನಾಣ್ಯ, ಮೆಟ್ಟಿಲ ಮೇಲೆ ಕೂತ ಹುಡುಗಿಯ ಮುಷ್ಟಿಯಿಂದ ಮುಗಿಯದಂತೆ ಹೊರಬರುವ ಕೆಂಪು ರೇಷ್ಮೆ. ಎತ್ತ ತಿರುಗಿದರೂ ಏನೋ ಒಂದು ಮಾಯವಾಗುತ್ತಿರುತ್ತದೆ!

ನಾನು ಜಾದೂಗಾರನಲ್ಲ. ರಂಗದ ಹಿಂದೆ ದೀಪ ನೋಡಿಕೊಳ್ಳುವವನು, ಯಾವ ಕ್ಷಣಕ್ಕೆ ಏನಾಗಬೇಕೆಂದು ಕ್ಯೂ ಕೊಡುವವನು. ಕಪ್ಪು ಅಂಗಿ ತೊಟ್ಟು ಸೈಡ್‌ವಿಂಗಿನ ಕತ್ತಲಲ್ಲಿ ಓಡಾಡುವ ನಮ್ಮಂಥವರು ಯಾರ ಕಣ್ಣಿಗೂ ಬೀಳದಿದ್ದರೇ ಕೆಲಸ ಚೆನ್ನಾಗಿ ಆಯಿತು ಎಂದರ್ಥ. ವೇದಿಕೆಯ ಮೇಲಿನ ದೊಡ್ಡವರನ್ನು ನೋಡಲು ಹೋದ ನನಗೆ ಅಲ್ಲಿ ಕಂಡದ್ದು ನಮ್ಮವರ ರಾಜ್ಯ. ಬಡಗಿಗಳು, ಲೇತ್ ಕೆಲಸದವರು, ಬಣ್ಣ ಹಚ್ಚುವವರು, ಹೊಲಿಗೆಯವರು! ಅವರ ಸುತ್ತ ಹೆಸರಾಂತ ಜಾದೂಗಾರರು ಶಿಷ್ಯರಂತೆ ನಿಂತು ಕೇಳುತ್ತಿದ್ದರು.

ಜಾದೂಗಾರರ ಈ ಸಮಾವೇಶ ನಡೆಸುವುದು ಬ್ಲ್ಯಾಕ್‌ಪೂಲ್ ಮೆಜಿಷಿಯನ್ಸ್ ಕ್ಲಬ್. ನಡೆಯುವುದು 1878ರಲ್ಲಿ ಬಾಗಿಲು ತೆರೆದ ವಿಂಟರ್ ಗಾರ್ಡನ್ಸ್‌ನಲ್ಲಿ. ಒಂದೇ ಸೂರಿನಡಿ ಒಪೆರಾ ಹೌಸ್, ಎಂಪ್ರೆಸ್ ಬಾಲ್‌ರೂಮ್, ಸಭಾಂಗಣಗಳು, ದಾರಿ ತಪ್ಪಿಸುವಷ್ಟು ಓಣಿಗಳು. ಸಂಜೆ ಪ್ರದರ್ಶನ, ಹಗಲು ಉಪನ್ಯಾಸ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾರಾಟ ಮಳಿಗೆಗಳು.

ಒಂದು ಮೇಜಿನ ಮೇಲೆ ಕಪ್ಪು ಮಖಮಲ್ಲಿನ ತುಂಡು ಹಾಸಿತ್ತು. ಅಂಗಡಿಯ ಹಿರಿಯರು ಅಂಗೈಯಿಂದ ಅದನ್ನು ಕೆಳಮುಖವಾಗಿ ಸವರಿದರು. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿ ಮಿನುಗಿತು. ಮೇಲ್ಮುಖವಾಗಿ ಸವರಿದರು. ಅಬ್ಬಾ, ಬೆಳಕೆಲ್ಲ ಒಳಗೆ ಇಳಿದುಹೋಯಿತು! ನಡುಹಗಲಲ್ಲೂ ತಳ ಕಾಣದ ಬಾವಿಗೆ ಇಣುಕಿದ ಹಾಗೆ ಆ ಕಪ್ಪು. ಮಖಮಲ್ಲಿನ ರೋಮ ಮೇಲಕ್ಕೆ ಮುಖ ಮಾಡಿರುವಂತೆ ಬಟ್ಟೆ ಕತ್ತರಿಸಿ ಹೊಲಿದರೆ ನೋಡುವವರ ಕಡೆಗೆ ಬೆಳಕು ಮರಳುವುದಿಲ್ಲ. ಆ ಕಪ್ಪಿನ ಮುಂದೆ ಅದೇ ಕಪ್ಪು ತೊಟ್ಟವನು ನಿಂತರೆ ಅವನು ಅಲ್ಲಿ ಇಲ್ಲವೇ ಇಲ್ಲ. 1880ರ ದಶಕದಲ್ಲಿ ಮ್ಯಾಕ್ಸ್ ಆಟ್ಸಿಂಗರ್ ಎಂಬ ಜರ್ಮನ್ ಕಲಾವಿದ ಇದರ ಮೇಲೆಯೇ ಇಡೀ ಒಂದು ಕಲೆಯನ್ನು ಕಟ್ಟಿದ. ವರ್ಷಗಟ್ಟಲೆ ಕಪ್ಪು ಪರದೆ ಕಟ್ಟಿದ ಕೈ ನನ್ನದು. ಅವೇ ಪರದೆಗಳು ಆವತ್ತಿನಿಂದ ನನಗೆ ಬೇರೆಯಾಗಿ ಕಾಣುತ್ತಿವೆ.

ಮುಂದಿನ ಅಂಗಡಿಯವರು ಖಾಲಿ ಬೆರಳು ಚಾಚಿ, "ಹಿಡಿದುಕೊಳ್ಳಿ," ಎಂದರು. ಏನೂ ಕಾಣಲಿಲ್ಲ. ಹಿಡಿದಾಗ ಚರ್ಮಕ್ಕೆ ಏನೋ ತಾಗಿತು. ದಾರ! ಬೆಳಕಿನವನಾದ ನನ್ನ ಕಣ್ಣಿಗೂ ಸಿಗಲಿಲ್ಲ. ಹಿಂದಿನ ಗೋಡೆ ಬರೀ ಬಿಳಿಯಾಗಿದ್ದರೆ ಅದು ಸಿಕ್ಕಿಬೀಳುತ್ತದೆ, ಹೂಬಳ್ಳಿಯ ಚಿತ್ತಾರವಿದ್ದರೆ ಕರಗುತ್ತದೆ, ಪಕ್ಕದ ದೀಪ ಒಂದಿಷ್ಟು ಓರೆಯಾದರೂ ಮಿಂಚುತ್ತದೆ ಎಂದು ಅವರು ವಿವರಿಸಿದರು. ಅಂದರೆ ಇಂಥ ದಾರದಿಂದ ಗಾಳಿಯಲ್ಲಿ ತೇಲುವ ಗುಲಾಬಿಯ ಪ್ರಾಣ ಇರುವುದು ಏಣಿ ಹತ್ತಿ ದೀಪ ತಿರುಗಿಸುವವನ ಕೈಯಲ್ಲಿ! ಇನ್ನೊಂದು ಕಡೆ ಬೂದಿ ಉಳಿಸದೆ ಫಕ್ಕನೆ ಉರಿದುಹೋಗುವ ಕಾಗದ. ನೈಟ್ರೋಸೆಲ್ಯುಲೋಸ್ ಅದು, ಅಪಾಯವಾಗದಿರಲೆಂದು ಒದ್ದೆಯಾಗಿಟ್ಟು ಸಾಗಿಸುತ್ತಾರೆ.

ಅಲ್ಲಿ ಕಂಡ ಜಾದೂ ಪೆಟ್ಟಿಗೆಗಳ ಒಳಗೇನಿದೆ ಎಂದು ಮಾತ್ರ ಇಲ್ಲಿ ಬರೆಯಲಾರೆ. ಅದು ಅವನ್ನು ಕಟ್ಟುವವರ ಅನ್ನ.

ಜಾದೂವಿನ ಚರಿತ್ರೆಯಲ್ಲೂ ಕಂಡದ್ದು ಇಂಥ ಕಟ್ಟುವ ಕೈಗಳೇ. ಆಧುನಿಕ ಜಾದೂವಿನ ಪಿತಾಮಹ ಎನಿಸಿಕೊಂಡ ಫ್ರಾನ್ಸಿನ ರಾಬರ್ಟ್ ಹೂಡ್ಯಾ ಗಡಿಯಾರ ಕಟ್ಟುತ್ತಿದ್ದವನು. ಲಂಡನ್ನಿನ ಈಜಿಪ್ಷಿಯನ್ ಹಾಲ್ ಎಂಬ ರಂಗಮಂದಿರವನ್ನು ಆಳಿದ ಜಾದೂಗಾರ ಮ್ಯಾಸ್ಕಲಿನ್ ಕೂಡ ಗಡಿಯಾರದ ಕೆಲಸ ಕಲಿತವನು. 1862ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜನರ ಎದೆ ನಡುಗಿಸಿದ ದೆವ್ವ ನಿಜಕ್ಕೂ ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜಿನಲ್ಲಿ ಮೂಡಿದ, ಕೆಳಗೆ ಮರೆಯಲ್ಲಿ ದೀಪ ಬಿದ್ದ ನಟನ ಬಿಂಬ. ಡರ್ಕ್ಸ್ ಎಂಬ ಎಂಜಿನಿಯರ್‌ನ ಕಲ್ಪನೆಯನ್ನು ಪೆಪ್ಪರ್ ಎಂಬವನು ರಂಗಕ್ಕೆ ಒಗ್ಗಿಸಿದ್ದು. 1921ರ ಜನವರಿಯಲ್ಲಿ ಸೆಲ್ಬಿಟ್ ಎಂಬ ಜಾದೂಗಾರ ಲಂಡನ್ನಿನಲ್ಲಿ ಹೆಂಗಸನ್ನು ಗರಗಸದಿಂದ ಕೊಯ್ದು ತೋರಿಸಿದ. ಆ ದಿನಗಳಲ್ಲಿ ಥಿಯೇಟರಿನ ಮುಂದಿನ ಚರಂಡಿಗೆ ಬಕೆಟ್‌ಗಟ್ಟಲೆ ನಕಲಿ ರಕ್ತ ಸುರಿದವರು ಯಾರು? ರಂಗದ ಕೆಲಸಗಾರರು! ಒಳಗಿನ ಆಟ ಬೀದಿಯಿಂದಲೇ ಶುರುವಾಗುತ್ತಿತ್ತು.

ಇನ್ನು ನಮ್ಮ ದೇಶದ ಜಾದೂಗಾರ ಪಿ.ಸಿ. ಸರ್ಕಾರ್. 1956ರ ಏಪ್ರಿಲ್ 9, ಬಿಬಿಸಿಯ 'ಪನೋರಮಾ' ನೇರ ಪ್ರಸಾರ. ಹುಡುಗಿಯ ಮೇಲೆ ಗರಗಸ ಆಡಿತು. ಸರ್ಕಾರ್ ಆಕೆಯ ಕೈ ತಟ್ಟಿದರು, ಆಕೆ ಏಳಲಿಲ್ಲ. ಅಷ್ಟರಲ್ಲಿ ನಿರೂಪಕ ಡಿಂಬಲ್ಬಿ ಮುಂದೆ ಬಂದು ಶುಭರಾತ್ರಿ ಹೇಳಿಬಿಟ್ಟರು! ಹುಡುಗಿ ಸತ್ತೇಹೋದಳೆಂದು ಕರೆ ಮೇಲೆ ಕರೆ, ಬಿಬಿಸಿಯ ಟೆಲಿಫೋನುಗಳು ತುಂಬಿಹೋದವು. ಕಾರ್ಯಕ್ರಮದ ಅವಧಿ ಮುಗಿಯುವ ಕ್ಷಣಕ್ಕೇ ಆ ಆಟ ಬರುವಂತೆ ಸರ್ಕಾರ್ ಲೆಕ್ಕ ಹಾಕಿದ್ದರೆಂದು ಜಾದೂ ಬಲ್ಲವರು ಹೇಳುತ್ತಾರೆ. ಕ್ಯೂ ಕೊಟ್ಟೇ ಬದುಕುವ ನನಗೆ ಅದಕ್ಕಿಂತ ದೊಡ್ಡ ಕ್ಯೂ ಗೊತ್ತಿಲ್ಲ.

ಸಂಜೆ ಒಪೆರಾ ಹೌಸ್. ಎರಡೂವರೆ ಸಾವಿರಕ್ಕೂ ಹೆಚ್ಚು ಆಸನ, ಕೂತವರಲ್ಲಿ ಬಹುಪಾಲು ಜಾದೂಗಾರರೇ. ಮೋಸ ಹೋಗದ ಪ್ರೇಕ್ಷಕರು ಎಂದುಕೊಂಡಿದ್ದೆ. ಇಲ್ಲ! ವೇದಿಕೆಯ ಮೇಲೆ ಹಕ್ಕಿ ಹಾರಿದಾಗ ಇಡೀ ಸಭೆ ಉಸಿರೆಳೆದುಕೊಂಡಿತು. ನಾನಂತೂ ಸೈಡ್‌ವಿಂಗಿನತ್ತ ನೋಡುತ್ತಿದ್ದೆ. ದೊಡ್ಡ ಪೆಟ್ಟಿಗೆಯೊಂದನ್ನು ತಳ್ಳಿಕೊಂಡು ಬಂದ ಇಬ್ಬರು ಅದನ್ನು ಗುರುತಿನ ಮೇಲೆ ನಿಲ್ಲಿಸಿ, ಒಬ್ಬರು ಕಾಲಿನಿಂದ ಚಕ್ರದ ಬ್ರೇಕ್ ಒತ್ತಿ, ಅವಸರವಿಲ್ಲದೆ ಒಳಗೆ ಸರಿದರು. ನಿಂತ ಜಾಗ ಅಂಗುಲ ಆಚೆಯಾಗಿದ್ದರೂ ಬಾಲ್ಕನಿಯ ತುದಿಯ ಆಸನಕ್ಕೆ ಗುಟ್ಟು ಕಾಣುತ್ತಿತ್ತು. ಯಾರೂ ಅವರನ್ನು ನೋಡಲಿಲ್ಲ. ಅದು ಅವರ ಗೆಲುವು.

ಈ ವಿದ್ಯೆ ನಮ್ಮಲ್ಲಿ ಇರಲಿಲ್ಲವೇ? ಧಾರಾಳವಾಗಿತ್ತು! ಗುಬ್ಬಿ ವೀರಣ್ಣನವರ ಕಂಪನಿ 'ಕುರುಕ್ಷೇತ್ರ'ಕ್ಕೆ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ಪೌರಾಣಿಕ ನಾಟಕಗಳ ಟ್ರಿಕ್ ಸೀನ್ ನೋಡಲೆಂದೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಬ್ಲ್ಯಾಕ್‌ಪೂಲ್‌ನಲ್ಲಿ ಒಂದು ಪೆಟ್ಟಿಗೆಯ ಅಳತೆ, ನಕ್ಷೆ, ಕಟ್ಟಿದವನ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ. ನಮ್ಮಲ್ಲಿ ನಟರ ಹೆಸರು ಉಳಿಯಿತು, ದೇವರನ್ನು ಪ್ರತ್ಯಕ್ಷ ಮಾಡಿಸಿದ ಬಡಗಿಯ ಹೆಸರು ಸಿಗುವುದು ಅಪರೂಪ.

ನಿಮ್ಮ ಮನೆಯಲ್ಲಿ, ಊರಲ್ಲಿ ಕಂಪನಿ ನಾಟಕಗಳಿಗೆ ಪರದೆ ಎಳೆದ, ಸೀನ್ ಕಟ್ಟಿದ ಹಿರಿಯರು ಇದ್ದರೆ ದಯವಿಟ್ಟು ಅವರ ಪಕ್ಕದಲ್ಲಿ ಒಂದು ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಯಾವ ಹಲಗೆ, ಎಷ್ಟು ಅಡಿ, ಹಗ್ಗ ಎಲ್ಲಿಂದ ಎಲ್ಲಿಗೆ ಎಂದು ಕೇಳಿ, ಅವರ ಕೈಯಲ್ಲೇ ಚಿತ್ರ ಬರೆಸಿಕೊಳ್ಳಿ. ಅವರ ಹೆಸರನ್ನೂ ಅದರ ಕೆಳಗೆ ಬರೆಯಿರಿ.