ರೋಬೋಟ್ ಸ್ಪರ್ಧೆಗೆ ಸಿದ್ಧತೆಯೇ? ದೂರ ಅಳೆಯುವ ಸೆನ್ಸರ್ ಕೊಳ್ಳುವ ಮುನ್ನ ಇದನ್ನು ತಿಳಿಯಿರಿ

ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿ ಮುಂಬೈನ ವಿದ್ಯಾರ್ಥಿಗಳಿಗೆ ಪವಾಯಿಯ ಐಐಟಿ ಬಾಂಬೆ ಹತ್ತಿರ. ಅಲ್ಲಿನ ಟೆಕ್‌ಫೆಸ್ಟ್‌ನಂತಹ ಸ್ಪರ್ಧೆಗಾಗಿ ಹಲವರು ರೋಬೋಟ್ ಕಟ್ಟುತ್ತಾರೆ. ಆದರೆ ಮನೆಯಲ್ಲಿ ಚೆನ್ನಾಗಿ ಓಡಿದ ರೋಬೋಟ್ ಸ್ಪರ್ಧೆಯಲ್ಲಿ ಗೋಡೆಗೆ ಗುದ್ದಿದರೆ ತಿಂಗಳುಗಳ ಶ್ರಮ ವ್ಯರ್ಥ. ಇದಕ್ಕೆ ತಪ್ಪು ಸೆನ್ಸರ್ ಆಯ್ಕೆಯೂ ಕಾರಣವಾಗಬಹುದು. ಹಾಗಾದರೆ ಯಾವುದನ್ನು ಆರಿಸಬೇಕು?

ಅಲ್ಟ್ರಾಸಾನಿಕ್: ಅಗ್ಗ, ಆದರೆ ನಿಧಾನ
ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಎಚ್‌ಸಿ-ಎಸ್‌ಆರ್‌04, ಕಿವಿಗೆ ಕೇಳದ 40 ಕಿಲೋಹರ್ಟ್ಸ್ ಶಬ್ದ ಕಳಿಸಿ ಪ್ರತಿಧ್ವನಿಯ ಸಮಯ ಅಳೆಯುತ್ತದೆ. ವ್ಯಾಪ್ತಿ 2ರಿಂದ 400 ಸೆಂ.ಮೀ. ಗಾಜು, ಕಪ್ಪು ಬಣ್ಣ ಇದಕ್ಕೆ ಅಡ್ಡಿಯಲ್ಲ. ಆದರೆ ಬಟ್ಟೆ, ಸ್ಪಂಜು ಶಬ್ದವನ್ನು ಹೀರುತ್ತವೆ. ಓರೆ ಗೋಡೆ ಅದನ್ನು ಬೇರೆಡೆ ತಿರುಗಿಸುತ್ತದೆ. ಎರಡು ಅಳತೆಗಳ ನಡುವೆ 60 ಮಿಲಿಸೆಕೆಂಡ್ ಅಂತರ ಬೇಕು. ಸೆಕೆಂಡಿಗೆ 1 ಮೀಟರ್ ಓಡುವ ರೋಬೋಟ್ ಅಷ್ಟರಲ್ಲಿ 6 ಸೆಂ.ಮೀ. ಮುಂದೆ ಹೋಗಿರುತ್ತದೆ!

ಸೆಕೆಯೂ ಲೆಕ್ಕ ತಪ್ಪಿಸುತ್ತದೆ. 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಇರುವ ಶಬ್ದದ ವೇಗ, 35 ಡಿಗ್ರಿಯಲ್ಲಿ ಸುಮಾರು 352 ಮೀಟರ್. ಪ್ರೋಗ್ರಾಂನಲ್ಲಿ ಇದನ್ನು ಸರಿಪಡಿಸದಿದ್ದರೆ ಒಂದು ಮೀಟರ್‌ಗೆ ಎರಡೂವರೆ ಸೆಂ.ಮೀ. ವ್ಯತ್ಯಾಸ ಬರುತ್ತದೆ.

ಶಾರ್ಪ್ ಇನ್‌ಫ್ರಾರೆಡ್: ಹತ್ತಿರದಲ್ಲಿ ಎಚ್ಚರ
10-80 ಸೆಂ.ಮೀ. ವ್ಯಾಪ್ತಿಯ ಶಾರ್ಪ್ ಸೆನ್ಸರ್ 10 ಸೆಂ.ಮೀ.ಗಿಂತ ಹತ್ತಿರದ ವಸ್ತುವನ್ನು ದೂರವಿದೆ ಎಂದೇ ತೋರಿಸಬಹುದು. ಸಾಂಪ್ರದಾಯಿಕ ಮೈಕ್ರೋಮೌಸ್ ಸ್ಪರ್ಧೆಯಲ್ಲಿ ಒಂದು ಚೌಕ ಕೇವಲ 18 ಸೆಂ.ಮೀ. ಅಲ್ಲಿಗೆ 4-30 ಸೆಂ.ಮೀ. ಮಾದರಿಯೇ ಮೇಲು.

ಟೈಮ್ ಆಫ್ ಫ್ಲೈಟ್: ಚಿಕ್ಕದು, ಚುರುಕು
ವಿಎಲ್‌53ಎಲ್‌0ಎಕ್ಸ್ ಬೆಳಕಿನಿಂದ 2 ಮೀಟರ್‌ವರೆಗೆ ಅಳೆಯುತ್ತದೆ. ಆದರೆ ಬಿಸಿಲಿನಲ್ಲಿ ಮತ್ತು ಕಪ್ಪು ಮೇಲ್ಮೈ ಎದುರು ವ್ಯಾಪ್ತಿ ಕುಗ್ಗುತ್ತದೆ. ಎಲ್ಲ ಸೆನ್ಸರ್‌ಗಳಿಗೂ ಆರಂಭದಲ್ಲಿ ಒಂದೇ ವಿಳಾಸ ಇರುವುದರಿಂದ, ಎರಡು ಮೂರು ಜೋಡಿಸುವಾಗ ಒಂದೊಂದನ್ನೇ ಎಚ್ಚರಿಸಿ ಹೊಸ ವಿಳಾಸ ಕೊಡಬೇಕು.

ಕೊಳ್ಳುವ ಮುನ್ನ
ಮೊದಲು ನಿಯಮ ಪುಸ್ತಕ ಓದಿ. ಗೋಡೆಯ ವಸ್ತು, ಬಣ್ಣ, ಅತಿ ಕಡಿಮೆ ದೂರ, ರೋಬೋಟ್‌ನ ವೇಗ ಬರೆದಿಟ್ಟುಕೊಳ್ಳಿ. ಇಎಸ್‌ಪಿ32 ಬಳಸುವವರು ಅಲ್ಟ್ರಾಸಾನಿಕ್‌ನ 5 ವೋಲ್ಟ್ ಎಕೋ ಸಂಕೇತವನ್ನು ಎರಡು ರೆಸಿಸ್ಟರ್‌ಗಳಿಂದ 3.3 ವೋಲ್ಟ್‌ಗೆ ಇಳಿಸುವುದನ್ನು ಮರೆಯಬೇಡಿ. ಸ್ಪರ್ಧೆಯಲ್ಲಿ ಇರುವಂತಹದೇ ಗೋಡೆಯ ಮುಂದೆ, ಅಂತಹದೇ ಬೆಳಕಿನಲ್ಲಿ ನೂರು ಸಲ ಅಳೆದು ನೋಡಿ. ಬೆಲೆಗಿಂತ ಆ ಅಳತೆಗಳೇ ಸರಿಯಾದ ಸೆನ್ಸರ್ ಯಾವುದೆಂದು ಹೇಳುತ್ತವೆ.